ಎಲ್ಲಿಂದ ತಂದಿ, ಅಲ್ಲೇ ಬಿಡು

ನಮ್ಮವ್ವನಿಗೆ ಬಾವಿಯಿಂದ ನೀರು ಸೇದುವುದಕ್ಕಿಂತ ಸೋಸುವುದಕ್ಕೇ ಹೆಚ್ಚು ಹೊತ್ತು ಹಿಡಿಯುತ್ತಿತ್ತು. ಕೊಡದ ಬಾಯಿಗೆ ದಪ್ಪ ಬಟ್ಟೆ, ಅದೂ ಎರಡು ಮಡಿಕೆ. ನೀರು ಇಳಿದ ಮೇಲೆ ಆ ಬಟ್ಟೆ ಹಿಂಡುವಂತಿಲ್ಲ, ಹಿಂಡಿದರೆ ಅದಕ್ಕೆ ಅಂಟಿಕೊಂಡ ಜೀವಗಳು ಸಾಯುತ್ತವೆ. ಬಟ್ಟೆಯನ್ನು ತಿರುವಿ ಹಿಡಿದು, ಸೋಸಿದ ನೀರನ್ನೇ ಮೆಲ್ಲಗೆ ಅದರ ಮೇಲೆ ಹೊಯ್ದು, ಬಿದ್ದದ್ದನ್ನು ಒಂದು ತಂಬಿಗೆಯಲ್ಲಿ ಹಿಡಿದು, ತಂಬಿಗೆಗೆ ಹಗ್ಗ ಕಟ್ಟಿ ಬಾವಿಯ ನೀರು ಮುಟ್ಟುವತನಕ ಇಳಿಸಿ, ಅಲ್ಲಿ ಬಗ್ಗಿಸುತ್ತಿದ್ದಳು. ದಂಡೆಯ ಮೇಲೆ ನಿಂತು ಸುರುವಿದರೆ ಪೆಟ್ಟಾಗುತ್ತದಂತೆ. ಇದಕ್ಕೆ ಜಿವಾಣಿ ಎನ್ನುತ್ತಾರೆ. ನಾವು ಬೈಲಹೊಂಗಲ ಸೀಮೆಯಲ್ಲಿ ಒಕ್ಕಲುತನ ಮಾಡಿಕೊಂಡು ಬಂದ ಜೈನರು. ಅಪ್ಪ ಎರಿಹೊಲದಲ್ಲಿ ರಂಟೆ ಹೊಡೆದು ಲೆಕ್ಕವಿಲ್ಲದಷ್ಟು ಹುಳ ಕೊಲ್ಲುತ್ತಿದ್ದ, ಅವ್ವ ಮನೆಯಲ್ಲಿ ತಂಬಿಗೆಗೆ ಹಗ್ಗ ಕಟ್ಟಿ ಕಣ್ಣಿಗೆ ಕಾಣದ ಹುಳ ಉಳಿಸುತ್ತಿದ್ದಳು. ಸಣ್ಣವನಿದ್ದಾಗ ನನಗೆ ಇದು ನಗೆಯ ವಿಷಯವಾಗಿತ್ತು.

ನಾನು ಮೂವತ್ತೆರಡು ವರ್ಷ ರಸಾಯನಶಾಸ್ತ್ರ ಕಲಿಸಿದವ. ಆ ಕಾಲದ ಎರಡು ಸಂಗತಿ ಇನ್ನೂ ಬೆನ್ನು ಬಿಟ್ಟಿಲ್ಲ, ಒಂದು ಕಲ್ಲಿನದು, ಒಂದು ದಾಸವಾಳದ್ದು.

ಕಲ್ಲಿನದು ಮೊದಲು. ಹುಡುಗರನ್ನು ಚಿತ್ರದುರ್ಗದ ಕೋಟೆಗೆ ಕರೆದುಕೊಂಡು ಹೋದಾಗ ಅಲ್ಲಿಂದ ಇಂಗಳದಾಳಿನ ಕಡೆಗೂ ಹೋಗಿದ್ದೆವು. ಅಲ್ಲಿ ಹಿಂದಿನವರೇ ತಾಮ್ರ ತೆಗೆದ ಗುರುತುಗಳಿವೆ. ನಮ್ಮ ಕಾಲದಲ್ಲಿ ಮತ್ತೆ ಗಣಿ ನಡೆದು, ನಿಂತಿತು. ದಾರಿಯ ಬದಿಯ ರಾಶಿಯಿಂದ ಮುಷ್ಟಿಯಷ್ಟು ದೊಡ್ಡ ಒಂದು ಹರಳುಗಲ್ಲು ಎತ್ತಿಕೊಂಡೆ. ಮುರಿದ ಮೈಯಲ್ಲಿ ಹಿತ್ತಾಳೆಯ ಹೊಳಪು. ಒಂದು ಭಾಗ ತಾಮ್ರದ ಅದಿರು, ಆಯುರ್ವೇದದವರು ಸ್ವರ್ಣಮಾಕ್ಷಿಕ ಎನ್ನುವ ಜಾತಿ. ಉಳಿದದ್ದು ಬರೀ ಕಬ್ಬಿಣ ಮತ್ತು ಗಂಧಕ ಕೂಡಿದ ಪೈರೈಟ್. ಬಂಗಾರವೆಂದು ಮೋಸಹೋಗುವವರು ಹೋಗುವುದು ಇದಕ್ಕೇ. ಮನೆಗೆ ತಂದು, ಚೀಟಿ ಬರೆದು ಅಂಟಿಸಿ, ಕಪಾಟಿನಲ್ಲಿ ಅವ್ವನ ಭಕ್ತಾಮರ ಸ್ತೋತ್ರದ ಹಳೆಯ ಪುಸ್ತಕದ ಮೇಲೆ ಇಟ್ಟೆ. ಅಲ್ಲೇ ಯಾಕೆ ಇಟ್ಟೆ ಎಂದು ಕೇಳಬೇಡಿ. ಜಾಗ ಇತ್ತು, ಇಟ್ಟೆ.

ಮೂರು ಮಳೆಗಾಲ ಕಳೆದ ಮೇಲೆ ನೋಡಿದರೆ ಕಲ್ಲಿನ ಮೈಯೆಲ್ಲ ಬಿಳಿ ಹಳದಿ ಪುಡಿ. ಮೂಗಿಗೆ ಕಡ್ಡಿಪೆಟ್ಟಿಗೆಯ ವಾಸನೆ. ಚೀಟಿ ಕಂದಿ ಚೂರಾಗಿತ್ತು. ಪುಸ್ತಕದ ರಟ್ಟು, ಅದರ ಕೆಳಗಿನ ಹತ್ತು ಹನ್ನೆರಡು ಹಾಳೆ ತೂತಾಗಿದ್ದವು. ಕೈಯಲ್ಲಿ ಹಿಡಿದರೆ ಸುಟ್ಟ ಕಾಗದದ ಹಾಗೆ ಉದುರುತ್ತಿದ್ದವು. ನಾನು ಆಗಷ್ಟೇ ಕಲ್ಲು ತಿನ್ನುವ ಬ್ಯಾಕ್ಟೀರಿಯಾಗಳ ಬಗ್ಗೆ ಓದಿದ್ದೆ. ಅವ್ವನಿಗೆ, ಹೆಂಡತಿಗೆ, ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಹೇಳಿದೆ: ಇದು ಅವುಗಳದೇ ಕೆಲಸ.

ಓದಿದ್ದು ಸುಳ್ಳಾಗಿರಲಿಲ್ಲ. ಪೈರೈಟ್ ನೆಲದ ಆಳದಲ್ಲಿ, ಗಾಳಿ ನೀರು ಎರಡೂ ಒಟ್ಟಿಗೆ ಸಿಗದಲ್ಲಿ, ಕೋಟಿಗಟ್ಟಲೆ ವರ್ಷ ಸುಮ್ಮನೆ ಇರುತ್ತದೆ. ಗಣಿಯವರು ಅದನ್ನು ಒಡೆದು, ಬೇಕಾದ ಲೋಹ ತೆಗೆದುಕೊಂಡು, ಉಳಿದದ್ದನ್ನು ಮೇಲೆ ರಾಶಿ ಹಾಕುತ್ತಾರೆ. ರಾಶಿಗೆ ಗಾಳಿ ಹೊಗುತ್ತದೆ, ಮಳೆ ಬೀಳುತ್ತದೆ. ಗಂಧಕ ಗಂಧಕಾಮ್ಲವಾಗುತ್ತದೆ, ಕಬ್ಬಿಣ ಅನ್ನಭೇದಿಯಾಗಿ (ಫೆರಸ್ ಸಲ್ಫೇಟ್) ಕರಗುತ್ತದೆ. ಇಲ್ಲಿಯವರೆಗೆ ಯಾವ ಜೀವಿಯೂ ಬೇಕಿಲ್ಲ, ಆದರೆ ಈ ದಾರಿ ಬಹಳ ನಿಧಾನದ್ದು. ಹುಳಿಯಾದ ನೀರಿನಲ್ಲಿ ಅನ್ನಭೇದಿಯ ಕಬ್ಬಿಣ ಗಾಳಿಯೊಂದಿಗೆ ಕೂಡಿ ಮುಂದಿನ ಸ್ಥಿತಿಗೆ ಹೋಗಲು ವರ್ಷಗಳೇ ಬೇಕು. ಅಲ್ಲಿ ಬರುತ್ತದೆ ಈ ಜೀವಿ. ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿನಷ್ಟು ಉದ್ದದ ಕಡ್ಡಿ. ಅದಕ್ಕೆ ಬಿಸಿಲು ಬೇಡ, ಸಕ್ಕರೆ ಬೇಡ, ಸತ್ತ ಪ್ರಾಣಿಯೂ ಬೇಡ. ಕರಗಿದ ಕಬ್ಬಿಣದಿಂದ ಒಂದೊಂದೇ ಎಲೆಕ್ಟ್ರಾನ್ ಕಿತ್ತುಕೊಂಡು ಅದರಲ್ಲೇ ಬದುಕುತ್ತದೆ, ಮೈ ಕಟ್ಟಿಕೊಳ್ಳಲು ಗಾಳಿಯ ಇಂಗಾಲ ಸಾಕು. ಹೀಗೆ ಎಲೆಕ್ಟ್ರಾನ್ ಕಳೆದುಕೊಂಡ ಕಬ್ಬಿಣ ಮತ್ತೆ ಹೋಗಿ ಪೈರೈಟಿಗೇ ಬಾಯಿ ಹಾಕುತ್ತದೆ. ಹದಿನಾಲ್ಕು ಪರಮಾಣು ಅಂಥ ಕಬ್ಬಿಣ ಒಂದು ಅಣು ಪೈರೈಟನ್ನು ತಿಂದರೆ ಹದಿನೈದು ಪರಮಾಣು ಅನ್ನಭೇದಿಯ ಕಬ್ಬಿಣ ಮತ್ತು ಹದಿನಾರು ಪಾಲು ಹುಳಿ ಹೊರಗೆ ಬರುತ್ತದೆ. ಆ ಹದಿನೈದನ್ನು ಜೀವಿ ಮತ್ತೆ ತಿನ್ನುತ್ತದೆ. ಗಾಣ ಒಮ್ಮೆ ತಿರುಗಿತೆಂದರೆ ತಿರುಗುತ್ತಲೇ ಇರುತ್ತದೆ.

1947ರಲ್ಲಿ ಕಾಲ್ಮರ್ ಮತ್ತು ಹಿಂಕಲ್ ಎಂಬಿಬ್ಬರು ಅಮೆರಿಕದ ವೆಸ್ಟ್ ವರ್ಜೀನಿಯಾದ ಕಲ್ಲಿದ್ದಲು ಗಣಿಗಳ ಹುಳಿನೀರಿನಲ್ಲಿ ಇಂಥ ಜೀವಿಯ ಕೈವಾಡವನ್ನು ಹಿಡಿದರು. 1951ರಲ್ಲಿ ಅದಕ್ಕೆ ಥಯೋಬ್ಯಾಸಿಲಸ್ ಫೆರೋಆಕ್ಸಿಡಾನ್ಸ್ ಎಂದು ಹೆಸರಾಯಿತು, ಈಗಿನವರು ಅಸಿಡಿಥಯೋಬ್ಯಾಸಿಲಸ್ ಎನ್ನುತ್ತಾರೆ. 1970ರಲ್ಲಿ ಸಿಂಗರ್ ಮತ್ತು ಸ್ಟಮ್ ಲೆಕ್ಕ ಹಾಕಿ ತೋರಿಸಿದರು, ಈ ಜೀವಿಗಳಿದ್ದರೆ ಆ ನಿಧಾನದ ಹೆಜ್ಜೆ ಹತ್ತು ಲಕ್ಷ ಪಟ್ಟು ಬೇಗ ಆಗುತ್ತದೆ ಎಂದು. ಕ್ಯಾಲಿಫೋರ್ನಿಯಾದ ಐರನ್ ಮೌಂಟನ್ ಎಂಬ ಹಳೆಯ ಗಣಿಯಲ್ಲಿ ನೀರಿನ ಪಿಎಚ್ ಸೊನ್ನೆಗಿಂತ ಕೆಳಗೆ, ಮೈನಸ್ 3.6ರ ತನಕ ಇಳಿದಿತ್ತು. ಲಿಂಬೆಹಣ್ಣಿನ ರಸದ್ದು ಸುಮಾರು 2. ನಾನು ಪಾಠ ಹೇಳುವಾಗ ಪಿಎಚ್ ಸೊನ್ನೆಯಿಂದ ಹದಿನಾಲ್ಕರ ತನಕ ಅಂತ ಎಷ್ಟು ವರ್ಷ ಹಲಗೆಯ ಮೇಲೆ ಗೀಟು ಎಳೆದಿದ್ದೆನೋ!

ಈಗ ದಾಸವಾಳ. ಇದನ್ನೆಲ್ಲ ಓದಿ ನನಗೆ ಅದನ್ನು ಕಣ್ಣಾರೆ ನೋಡುವ ಹುಚ್ಚು ಹತ್ತಿತು. ನನ್ನ ಷಡ್ಡಕ ಒಂದು ಗಣಿಯಲ್ಲಿ ನೌಕರಿಗಿದ್ದ. ಯಾವುದು ಅಂತ ಬೇಡ. ಹಬ್ಬಕ್ಕೆ ಬಂದಾಗ ಒಂದು ಬಾಟಲಿ ಕೆಂಪು ನೀರು ತಂದುಕೊಟ್ಟ. ಲೀಟರಿಗೆ 44 ಗ್ರಾಂ ಅನ್ನಭೇದಿ, ಸ್ವಲ್ಪ ಅಮೋನಿಯಂ ಸಲ್ಫೇಟು, ಚಿಟಿಕೆ ಪೊಟ್ಯಾಶು, ಮೆಗ್ನೀಷಿಯಂ, ನಾಲ್ಕು ಹನಿ ಗಂಧಕಾಮ್ಲ ಹಾಕಿ ಎರಡು ಶಂಖುಪಾತ್ರೆ ತಯಾರು ಮಾಡಿದೆ. ಎರಡೂ ತಿಳಿ ಹಸಿರು. ಒಂದಕ್ಕೆ ಬಾಟಲಿಯ ನೀರನ್ನು ಕುದಿಸಿ ಆರಿಸಿ ಹಾಕಿದೆ, ಇನ್ನೊಂದಕ್ಕೆ ಹಾಗೇ ಹಾಕಿದೆ. ಬಾಯಿಗೆ ಹತ್ತಿ ತುರುಕಿ ಕಿಟಕಿಯ ಹತ್ತಿರ ಇಟ್ಟೆ. ನಾಲ್ಕೈದು ದಿನ ಏನೂ ಇಲ್ಲ. ಒಂಬತ್ತನೆಯ ದಿನ ಮುಂಜಾನೆ ಹೋಗಿ ನೋಡಿದರೆ ಎರಡನೆಯ ಪಾತ್ರೆ ಕಾವಿಯ ಬಣ್ಣಕ್ಕೆ ತಿರುಗಿತ್ತು. ಪಕ್ಕದ್ದು ಹಸಿರು ಹಸಿರಾಗಿಯೇ ಇತ್ತು. ಹುಡುಗರನ್ನು ಕೂಗಿ ಕರೆದೆ. ಒಬ್ಬ ಕೇಳಿದ, “ಸರ್, ಇದರಾಗ ಜೀವ ಅದಾವೇನ್ರಿ?” ಅದಾವು ಅಂದೆ. “ಏನ್ ತಿಂತಾವ್ರಿ?” ಕಬ್ಬಿಣ ಅಂದೆ. ನಗಲಿಲ್ಲ. ತುಕ್ಕು ಹಿಡಿದ ಸೈಕಲ್ಲಿನ ಮೇಲೆ ದಿನಾ ಏಳು ಕಿಲೋಮೀಟರು ತುಳಿದುಕೊಂಡು ಬರುತ್ತಿದ್ದ ಹುಡುಗ.

ವಾರ ಕಳೆದ ಮೇಲೆ ಪಾತ್ರೆ ತೊಳೆಯಬೇಕಿತ್ತು. ನಿಯಮದ ಪ್ರಕಾರ ಕುದಿಸಿ ಕೊಂದು, ಸುಣ್ಣ ಬೆರೆಸಿ ಹುಳಿ ಮುರಿದು, ಆಮೇಲೆ ಚೆಲ್ಲಬೇಕು. ಒಲೆ ಹಚ್ಚಿದೆ. ಪಾತ್ರೆ ಕೈಯಲ್ಲಿ ಹಿಡಿದಾಗ ಅವ್ವನ ತಂಬಿಗೆ ನೆನಪಾಯಿತು. ಒಂದು ಚಮಚದಲ್ಲಿ ಕೋಟಿಗಟ್ಟಲೆ ಇದ್ದಾವು. ನಾನೇ ಸಾಕಿದವು. ಒಲೆ ಆರಿಸಿದೆ. ಹೊರಗೆ ಹೋಗಿ ವರಾಂಡದ ಕೊನೆಗೆ ಸೀಮೆಎಣ್ಣೆಯ ಹಳೇ ಡಬ್ಬಿಯಲ್ಲಿದ್ದ ಮಣ್ಣಿಗೆ ಸುರುವಿದೆ, ಬದುಕಿಕೊಳ್ಳಲಿ ಎಂದು. ಆ ಡಬ್ಬಿಯಲ್ಲಿ ನಮ್ಮ ಅಟೆಂಡರ್ ಹಚ್ಚಿದ ದಾಸವಾಳವಿತ್ತು. ದಿನಾ ಒಂದು ಹೂವು ಕಿತ್ತು ಲ್ಯಾಬಿನ ಗಣಪತಿ ಫೋಟೋಕ್ಕೆ ಏರಿಸುತ್ತಿದ್ದ. ಹತ್ತು ದಿನದಲ್ಲಿ ಗಿಡದ ಎಲೆ ಸುಟ್ಟ ಹಾಗೆ ಆಗಿ ಉದುರಿದವು. ಆತ ನನ್ನನ್ನು ಏನೂ ಕೇಳಲಿಲ್ಲ, ಡಬ್ಬಿ ಎತ್ತಿ ಹಿತ್ತಿಲಿಗೆ ಒಯ್ದ. ಕೇಳಿದ್ದರೆ ಚೆನ್ನಾಗಿತ್ತು.

ಮನೆಗೆ ಬಂದು ಅವ್ವನ ಮುಂದೆ ಹೇಳಿದೆ. ಕೊಲ್ಲಬಾರದು ಅಂತ ಮಾಡಿದ್ದು ಹೀಗಾಯ್ತು ಅಂದೆ. ಹೊಗಳುತ್ತಾಳೆ ಅಂದುಕೊಂಡಿದ್ದೆನೋ ಏನೋ.

“ಎಲ್ಲಿಂದ ತಂದಿದ್ದಿ?” ಅಂದಳು.

“ಗಣಿಯಿಂದ.”

“ಮತ್ತ ಡಬ್ಬಿಗ್ಯಾಕ ಹಾಕಿದಿ? ಬಾವ್ಯಾಗಿನ ಜೀವ ಬಾವ್ಯಾಗ, ಕೆರ್ಯಾಗಿನ ಜೀವ ಕೆರ್ಯಾಗ. ಎಲ್ಲಿಂದ ತಂದಿ, ಅಲ್ಲೇ ಬಿಡಬೇಕು. ಒಯ್ಯಾಕ ಆಗೂದಿಲ್ಲ ಅಂದ್ರ ತರಬಾರ್ದು.”

ಅವ್ವ ಕಲಿತದ್ದು ನಾಲ್ಕನೆಯ ಇಯತ್ತೆ. ಆದರೆ ಅವಳ ಮಾತಿನ ಹಿಂದೆ ಒಂದು ಶಾಸ್ತ್ರವಿದೆ. ಒಂದು ಬಾವಿಯ ನೀರು ಇನ್ನೊಂದು ಬಾವಿಯ ನೀರಿನ ಜೀವಕ್ಕೆ ಶಸ್ತ್ರ ಎನ್ನುತ್ತಾರೆ ಜೈನರು. ಒಂದು ಹೊಲದ ಮಣ್ಣು ಇನ್ನೊಂದು ಹೊಲದ ಮಣ್ಣಿಗೆ ಶಸ್ತ್ರ. ಕತ್ತಿ ಕೊಡಲಿಗಳಷ್ಟೇ ಶಸ್ತ್ರಗಳಲ್ಲ, ತನ್ನ ಜಾಗ ಬಿಟ್ಟು ಬಂದ ಯಾವುದೂ ಶಸ್ತ್ರವಾಗಬಲ್ಲದು. ಹುಳಿನೀರಿನ ವಿಷಯದಲ್ಲಿ ಇದಕ್ಕಿಂತ ಸರಿಯಾದ ಮಾತನ್ನು ನಾನು ಯಾವ ಪಠ್ಯಪುಸ್ತಕದಲ್ಲೂ ಓದಿಲ್ಲ.

ನಮ್ಮ ಮತದಲ್ಲಿ ಕಲ್ಲಿಗೂ ಜೀವ. ಮಣ್ಣು, ನೀರು, ಬೆಂಕಿ, ಗಾಳಿ, ಗಿಡ ಈ ಐದೂ ಮುಟ್ಟಿದ್ದು ತಿಳಿಯುವಷ್ಟು ಮಾತ್ರ ಇಂದ್ರಿಯವಿರುವ ಜೀವಗಳ ಶರೀರಗಳು. ದಿಗಂಬರ ಮುನಿಗಳ ಆಚಾರದ ಗ್ರಂಥ ಮೂಲಾಚಾರದಲ್ಲಿ ಪೃಥ್ವೀಕಾಯಿಕಗಳ ದೊಡ್ಡ ಪಟ್ಟಿಯೇ ಇದೆ: ಮರಳು, ಕಲ್ಲು, ಉಪ್ಪು, ಕಬ್ಬಿಣ, ತಾಮ್ರ, ಬಂಗಾರ, ಹರಿತಾಳ, ಮನಃಶಿಲೆ. ಕೊನೆಯ ಎರಡನ್ನು ಓದಿದಾಗ ನನ್ನೊಳಗಿನ ಮಾಸ್ತರು ಎದ್ದು ಕೂತ, ಯಾಕೆಂದರೆ ಎರಡೂ ಆರ್ಸೆನಿಕ್ಕಿನ ಜೊತೆ ಗಂಧಕ ಕೂಡಿದ ಕಲ್ಲುಗಳು. ರಾಯಚೂರು ಕಡೆಯ ಹಟ್ಟಿಯ ಬಂಗಾರದ ಜೊತೆಗೂ ಆರ್ಸೆನಿಕ್ ಗಂಧಕದ ಖನಿಜವೇ ಬರುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆ.ಎ. ನಟರಾಜನ್ ದಶಕಗಳ ಕಾಲ ಈ ಕಲ್ಲು ತಿನ್ನುವ ಜೀವಿಗಳನ್ನೇ ಪಳಗಿಸಿ, ಅದಿರಿನೊಳಗೆ ಸಿಕ್ಕಿಕೊಂಡ ಲೋಹ ಬಿಡಿಸುವುದು ಹೇಗೆಂದು ನೋಡಿದರು. ಒಂದು ಕಡೆ ಹೊಳೆ ಕೆಡಿಸುವ ಜೀವಿ ಇನ್ನೊಂದು ಕಡೆ ಕೂಲಿಯಾಳು.

ನಮ್ಮ ಶಾಸ್ತ್ರದ ಪ್ರಕಾರ ನೆಲದೊಳಗೆ ಇರುವತನಕ ಕಲ್ಲು ಸಚಿತ್ತ, ಅಂದರೆ ಜೀವ ಇರುವಂಥದ್ದು. ಅಗೆದು ಒಡೆದು ಶಸ್ತ್ರ ತಾಗಿದರೆ ಅಚಿತ್ತ, ಜೀವ ಹೋದದ್ದು. ವಿಜ್ಞಾನ ಹೇಳುವುದು ಇದರ ತಿರುವುಮುರುವು. ಆಳದಲ್ಲಿ ಸುಮ್ಮನಿದ್ದ ಕಲ್ಲು ಒಡೆದ ಮೇಲೆಯೇ ಅದರ ಮೇಲೆ ಜೀವ ಮುತ್ತುತ್ತದೆ. ಎರಡನ್ನೂ ಹೊಂದಿಸಿ ನಮ್ಮ ಶಾಸ್ತ್ರದಲ್ಲಿ ಮೊದಲೇ ಇತ್ತು ಎಂದು ಭಾಷಣ ಮಾಡುವವರನ್ನು ನಾನು ಸಾಕಷ್ಟು ಕೇಳಿದ್ದೇನೆ. ಅದು ನನಗೆ ಬೇಡ. ಬ್ಯಾಕ್ಟೀರಿಯಾ ಪೃಥ್ವೀಕಾಯಿಕವಲ್ಲ, ಮೂಲಾಚಾರ ಬರೆದವರು ಸೂಕ್ಷ್ಮದರ್ಶಕ ಕಂಡವರಲ್ಲ. ನನಗೆ ಬೇಕಾದದ್ದು ಅವರು ಕೇಳಿಕೊಂಡ ಪ್ರಶ್ನೆ: ಹಿಂಸೆ ಯಾರದು?

ಉಮಾಸ್ವಾಮಿ ತತ್ವಾರ್ಥಸೂತ್ರದಲ್ಲಿ ಹಿಂಸೆಗೆ ಕೊಟ್ಟ ಲಕ್ಷಣದಲ್ಲಿ ಪ್ರಾಣ ತೆಗೆಯುವುದು ಆಮೇಲೆ ಬರುತ್ತದೆ, ಮೊದಲು ಬರುವುದು ಪ್ರಮಾದ, ಅಂದರೆ ಎಚ್ಚರಗೇಡಿತನ. ಪ್ರಮಾದದಿಂದ ಪ್ರಾಣಕ್ಕೆ ಕೇಡಾದರೆ ಹಿಂಸೆ. ಮುನಿ ನೆಲ ನೋಡಿ ಹೆಜ್ಜೆ ಇಡುವಾಗ ಕಾಲಡಿಗೆ ಇರುವೆ ಸಿಕ್ಕರೆ ಅದು ಬೇರೆ. ನೋಡದೆ ನಡೆದವನಿಗೆ ಇರುವೆ ಸಾಯದಿದ್ದರೂ ದೋಷ ತಪ್ಪಿದ್ದಲ್ಲ. ಈ ಅಳತೆಯಲ್ಲಿ ಹಿಡಿದರೆ ದಾಸವಾಳ ಕೊಂದದ್ದು ಯಾರು? ಕಬ್ಬಿಣ ತಿನ್ನುವ ಕಡ್ಡಿಗೆ ಮನಸ್ಸಿಲ್ಲ. ಅದು ಹೊಟ್ಟೆಗೆ ಮಾಡಿಕೊಂಡಿತು, ಅಪ್ಪ ರಂಟೆ ಹೊಡೆದ ಹಾಗೆ. ಗೃಹಸ್ಥನಿಗೆ ಸಂಕಲ್ಪದ ಹಿಂಸೆ ಮಾತ್ರ ನಿಷಿದ್ಧ, ಉದ್ಯೋಗದ ಹಿಂಸೆಗೆ ಮಾಫಿ ಅಲ್ಲದಿದ್ದರೂ ರಿಯಾಯ್ತಿ ಇದೆ. ಹಾಗಾದರೆ ಉಳಿದವ ನಾನೇ. ಒಲೆ ಆರಿಸಿ ದೊಡ್ಡ ದಯಾವಂತನ ಹಾಗೆ ಹೊರಗೆ ನಡೆದವ.

ಇಷ್ಟಕ್ಕೆ ಮುಗಿದಿದ್ದರೆ ಅನುಕೂಲವಿತ್ತು. ಒಂದು ವರ್ಷ ನಮ್ಮ ಪಕ್ಕದ ಊರಿನಲ್ಲಿ ಒಬ್ಬ ಮುನಿಗಳ ಚಾತುರ್ಮಾಸವಾಯಿತು. ಸಂಜೆ ಪ್ರಶ್ನೆ ಕೇಳಲು ಬಿಡುತ್ತಿದ್ದರು. ನಾನು ಎದ್ದು ನಿಂತು ಕೇಳಿದೆ: ಮನಸ್ಸೇ ಇಲ್ಲದ ಒಂದು ಜೀವಿ ಹೊಳೆ ಕೆಡಿಸಿದರೆ ಅದಕ್ಕೆ ಪಾಪ ಅಂಟುತ್ತದೆಯೇ? ಇಲ್ಲ ಎನ್ನುತ್ತಾರೆ ಅಂದುಕೊಂಡಿದ್ದೆ. ಅಂಟುತ್ತದೆ ಎಂದರು. ಮಿಥ್ಯಾತ್ವ, ಅವಿರತಿ, ಪ್ರಮಾದ, ಕಷಾಯ, ಯೋಗ ಎಂದು ಐದು ಕಾರಣ ಎಣಿಸಿ, ಎರಡನೆಯದಕ್ಕೆ ಬೆರಳು ನಿಲ್ಲಿಸಿದರು. “ಅದು ಬಿಟ್ಟಿಲ್ಲವಲ್ಲ” ಎಂದರು. ಮಾಡುತ್ತೇನೆ ಎಂದುಕೊಳ್ಳದಿದ್ದರೂ, ಮಾಡುವುದಿಲ್ಲ ಎಂದು ಬಿಡದೆ ಇದ್ದರೆ ಸಾಕು, ಕರ್ಮ ಕಟ್ಟಿಕೊಳ್ಳುತ್ತದೆ.

ನನಗೆ ಸಿಟ್ಟು ಬಂತು. ಬಿಡಲು ಅದಕ್ಕೆ ಮನಸ್ಸೆಲ್ಲಿದೆ? ಅಂಗವಿಲ್ಲದವನನ್ನು ಓಡಲಿಲ್ಲ ಎಂದು ಹೊಡೆದ ಹಾಗಾಯಿತು. ಮನೆಗೆ ಬಂದು ಪುಸ್ತಕ ತಿರುವಿದೆ. ಶ್ವೇತಾಂಬರರ ಸೂತ್ರಕೃತಾಂಗದಲ್ಲಿ ನನ್ನದೇ ವಾದವನ್ನು ಎದುರಾಳಿ ಮುಂದಿಡುತ್ತಾನೆ. (ನಾವು ದಿಗಂಬರರು, ಆ ಆಗಮ ನಮಗೆ ಪ್ರಮಾಣವಲ್ಲ, ಆದರೆ ವಾದ ಚೆನ್ನಾಗಿದ್ದರೆ ಯಾರ ಮನೆಯದಾದರೇನು.) ಅಲ್ಲಿ ಕೊಡುವ ಉತ್ತರ ಒಬ್ಬ ಕೊಲೆಗಾರನ ಉಪಮೆ. ಒಬ್ಬ ಗೃಹಸ್ಥನನ್ನು ಕೊಲ್ಲಬೇಕೆಂದು ಸಮಯ ಕಾಯುತ್ತಿರುವವನು ಹಗಲು ರಾತ್ರಿ, ಎದ್ದಿರಲಿ ಮಲಗಿರಲಿ, ಆ ಗೃಹಸ್ಥನ ವೈರಿಯೇ ಅಲ್ಲವೇ? ಸಂದು ಸಿಕ್ಕಿಲ್ಲ, ಅಷ್ಟೆ. ಮನಸ್ಸಿಲ್ಲದ ಜೀವಿಗಳೂ ಹಾಗೆಯೇ ಎನ್ನುತ್ತದೆ ಗ್ರಂಥ.

ಬ್ಯಾಕ್ಟೀರಿಯಾದ ಮಟ್ಟಿಗೆ ಆ ಮಾತನ್ನು ನಾನು ಇವತ್ತಿಗೂ ಒಪ್ಪಿಲ್ಲ. ಆದರೆ ಸಂದು ಸಿಕ್ಕಿಲ್ಲ ಎಂಬುದು ನನ್ನನ್ನು ಬಿಡಲಿಲ್ಲ.

ನಮ್ಮ ಸೀಮೆಯೆಂದರೆ ಕಲ್ಲಿನ ನಾಡು. ರಾಬರ್ಟ್ ಬ್ರೂಸ್ ಫೂಟ್ 1876ರಲ್ಲಿ ಈ ಸೀಮೆಯ ಭೂರಚನೆಯ ಮೇಲೆ ಒಂದು ಗ್ರಂಥವನ್ನೇ ಬರೆದ. ಭೂವಿಜ್ಞಾನದ ಪುಸ್ತಕ ತೆಗೆದರೆ ನಮ್ಮ ಊರುಗಳ ಹೆಸರು ಶಿಲೆಗಳಿಗೆ ಅಂಟಿಕೊಂಡಿವೆ: ರಾಮದುರ್ಗದ ಸ್ತರ, ಸವದತ್ತಿ ಕ್ವಾರ್ಟ್ಜೈಟ್, ಮನೋಳಿ ಆರ್ಜಿಲೈಟ್ (ನಮ್ಮ ಮುನವಳ್ಳಿ). ನವಿಲುತೀರ್ಥದಲ್ಲಿ ಮಲಪ್ರಭೆ ಗುಡ್ಡ ಸೀಳಿಕೊಂಡು ಹೋಗುವುದು ಅಂಥ ಗಟ್ಟಿ ಕಲ್ಲಿನ ನಡುವೆಯೇ. ಎಲ್ಲಮ್ಮನ ಗುಡ್ಡಕ್ಕೆ ಹೋಗುವವರು ಕಾಲಡಿಯ ಕಲ್ಲು ನೋಡುವುದಿಲ್ಲ, ನೋಡಬೇಕಾದ್ದೂ ಇಲ್ಲ. ನಮ್ಮ ಹೊಳೆ ಬೇರೆ ನೂರು ಕಾರಣಕ್ಕೆ ಕೆಟ್ಟಿರಬಹುದು, ಗಣಿಯ ಹುಳಿಗೆ ಅಲ್ಲ. ರಾಮದುರ್ಗ ದಾಟಿ ಲೋಕಾಪುರ, ಬಾಗಲಕೋಟೆಯ ಕಡೆ ನಡೆದರೆ ಸುಣ್ಣದ ಕಲ್ಲು. ಎರಿಮಣ್ಣಿನಲ್ಲೂ ಸುಣ್ಣದ ಹರಳು. ಇದ್ದಬದ್ದ ಹುಳಿಯನ್ನು ಈ ಸುಣ್ಣವೇ ನುಂಗುತ್ತದೆ. ನನ್ನ ದಾಸವಾಳ ಡಬ್ಬಿಯಲ್ಲಿ ಇರದೆ ಎರಿಹೊಲದಲ್ಲಿದ್ದಿದ್ದರೆ ಬಹುಶಃ ಬದುಕುತ್ತಿತ್ತು. ಅಂತೂ ನಾವು ಹೊಳೆ ಹುಳಿ ಮಾಡಿದವರಲ್ಲ. ಮೇಘಾಲಯದ ಜೈಂತಿಯಾ ಗುಡ್ಡಗಳಲ್ಲಿ ಇಲಿಬಿಲದಂಥ ಕಲ್ಲಿದ್ದಲು ಗಣಿಗಳಿಂದ ಲೂಖಾ ಹೊಳೆ ಚಳಿಗಾಲದಲ್ಲಿ ನೀಲಿಯಾಗುವ ಸುದ್ದಿ ಓದಿದಾಗ, 2014ರಲ್ಲಿ ಹಸಿರು ನ್ಯಾಯಮಂಡಳಿ ಆ ಗಣಿಗಾರಿಕೆ ನಿಲ್ಲಿಸಲು ಹೇಳಿದಾಗ, ನನ್ನ ಮನಸ್ಸಿನಲ್ಲಿ ಬಂದದ್ದು ಇದೇ: ಪುಣ್ಯಕ್ಕೆ ನಮ್ಮಲ್ಲಿಲ್ಲ.

ಪುಣ್ಯ ಎಲ್ಲಿಯದು? ನಮ್ಮ ಸೀಮೆಯ ದೇಶನೂರಿನ ಹತ್ತಿರ ಮರಳುಗಲ್ಲಿನಲ್ಲಿ ಯುರೇನಿಯಂ ಇದೆಯೆಂದು ಪರಮಾಣು ಖನಿಜ ನಿರ್ದೇಶನಾಲಯದವರು ಕೊರೆದು ನೋಡಿದ್ದಾರೆ. ಆ ಮರಳುಗಲ್ಲಿನಲ್ಲಿ ಪೈರೈಟೂ ಇದೆ. ಕೆನಡಾದ ಎಲಿಯಟ್ ಲೇಕ್‌ನಲ್ಲಿ ಹೀಗೇ ಪೈರೈಟಿನ ಜೊತೆ ಯುರೇನಿಯಂ ಇದ್ದ ಕಲ್ಲಿನಿಂದ ಇದೇ ಜೀವಿಗಳ ಕೈಯಲ್ಲಿ ಯುರೇನಿಯಂ ಬಿಡಿಸಿಕೊಂಡರು. ಅಲ್ಲಿನ ಸರ್ಪೆಂಟ್ ನದಿ ಆ ಗಣಿಗಳ ಹುಳಿಯನ್ನೂ ರೇಡಿಯಂ ಅನ್ನೂ ಉಂಡಿತು. ಅಂದರೆ ನಮ್ಮ ಹೊಲದ ಅಡಿಯಲ್ಲೂ ಗಾಣ ಇದೆ, ಎತ್ತು ಕಟ್ಟಿಲ್ಲ. ನಾಳೆ ಯಾರಾದರೂ ಎಕರೆಗೆ ಒಳ್ಳೆಯ ರೇಟು ಹೇಳಿದರೆ ಬೇಡ ಎನ್ನುವವರು ನಮ್ಮಲ್ಲಿ ಎಷ್ಟು ಮಂದಿ? ನಾನು ಎನ್ನುತ್ತೇನೆಯೇ? ನಾವು ಬಿಟ್ಟವರಲ್ಲ, ಸಂದು ಸಿಗದವರು.

ಇನ್ನೂ ಮುಂದೆ ಹೋಗಿ ಹೇಳಬೇಕೆಂದರೆ, ಸಂದು ಸಿಗದವರೂ ಅಲ್ಲ. ಮಾಡುವುದು, ಮಾಡಿಸುವುದು, ಮಾಡಿದ್ದಕ್ಕೆ ಹೂಂ ಎನ್ನುವುದು ಮೂರೂ ಒಂದೇ ಎನ್ನುವುದು ನಮ್ಮಲ್ಲಿ ಸಣ್ಣ ಮಕ್ಕಳಿಗೂ ಹೇಳಿಕೊಡುವ ಪಾಠ: ಕೃತ, ಕಾರಿತ, ಅನುಮೋದಿತ. ಬೇಸಿಗೆಯಲ್ಲಿ ಬೈಲಹೊಂಗಲದ ಮೋಟರ್ ವೈಂಡಿಂಗ್ ಅಂಗಡಿಗಳ ಮುಂದೆ ನಿಂತು ನೋಡಿ. ಸುಟ್ಟ ಬೋರಿನ ಮೋಟರುಗಳು ಸಾಲುಸಾಲು. ಒಳಗೆ ಹುಡುಗರು ತಾಮ್ರದ ತಂತಿಯನ್ನು ಹೊಸದಾಗಿ ಸುತ್ತುತ್ತಿರುತ್ತಾರೆ, ಕೆಂಪಗೆ, ನುಣ್ಣಗೆ, ಕಣ್ಣಿಗೆ ಹಬ್ಬ. ನಮ್ಮ ಕಬ್ಬಿಗೆ ನೀರು ಏರುವುದು ಆ ತಂತಿಯಿಂದ. ಜಗತ್ತಿನ ತಾಮ್ರದಲ್ಲಿ ಸಣ್ಣದಲ್ಲದ ಒಂದು ಪಾಲನ್ನು ಚಿಲಿಯಂಥ ದೇಶಗಳಲ್ಲಿ ಗುಡ್ಡದಷ್ಟು ಅದಿರು ರಾಶಿ ಹಾಕಿ, ಹುಳಿನೀರು ಹನಿಸಿ, ಈ ಜೀವಿಗಳ ಕೈಯಿಂದಲೇ ಕರಗಿಸಿ ತೆಗೆಯುತ್ತಾರೆ. ನನ್ನ ತಮ್ಮನ ಬೋರಿನಲ್ಲಿ ಅಂಥ ತಾಮ್ರ ಇರಲಿಕ್ಕಿಲ್ಲ ಎಂದು ಯಾರು ಹೇಳಬೇಕು? ಅವ್ವನ ನೀರು ಸೋಸುವ ಬಟ್ಟೆಗೆ ಬರುವ ನೀರೂ ಅವಳ ಕೊನೆಯ ವರ್ಷಗಳಲ್ಲಿ ಬಾವಿಯದಾಗಿರಲಿಲ್ಲ, ಬೋರಿನದು. ಜಿವಾಣಿ ಎಲ್ಲಿ ಬಿಡುವುದು ಎಂಬ ಚಿಂತೆ ಅವ್ವನನ್ನು ಬಹಳ ಕಾಡಿತು. ನಾಲ್ಕುನೂರು ಅಡಿ ಕೇಸಿಂಗ್ ಪೈಪಿನೊಳಗೆ ತಂಬಿಗೆ ಇಳಿಯುವುದಿಲ್ಲ.

ಗಾಳಿಗೆ ಸಿಕ್ಕರೆ ಹುಳಿಯಾಗುವ ಈ ಶಾಪ ಕಲ್ಲಿಗೆ ಮೊದಲಿನಿಂದ ಇತ್ತೆಂದೂ ಅಲ್ಲ. ಯಲ್ಲಾಪುರದಿಂದ ಅಂಕೋಲೆಗೆ ಇಳಿಯುವ ಅರಬೈಲ್ ಘಟ್ಟದ ಕಡೆ ಬಹಳ ಹಳೆಯ ಗುಂಡುಗಲ್ಲಿನ ಶಿಲೆ ಇದೆ. ಅದರಲ್ಲಿ ಪೈರೈಟಿನ ಕಾಳುಗಳು ಹೊಳೆಯಲ್ಲಿ ಉರುಳಿ ಬಂದು ಕೂತ ಹಾಗೆ ಸಿಗುತ್ತವೆ. ಇಂದಿನ ಹೊಳೆಯಲ್ಲಿ ಹಾಗೆ ಉರುಳಿದರೆ ಪೈರೈಟ್ ತುಕ್ಕಾಗಿ ಕರಗಿ ಹೋಗುತ್ತದೆ. ಅಂದು ಕರಗಲಿಲ್ಲ, ಯಾಕೆಂದರೆ ಗಾಳಿಯಲ್ಲಿ ಆಮ್ಲಜನಕವೇ ಇರಲಿಲ್ಲ. ಸುಮಾರು 240 ಕೋಟಿ ವರ್ಷಗಳ ಹಿಂದೆ ಆಮ್ಲಜನಕ ಗಾಳಿಯಲ್ಲಿ ತುಂಬತೊಡಗಿತು, ಅದೂ ನೀರಿನಲ್ಲಿದ್ದ ಸೂಕ್ಷ್ಮಜೀವಿಗಳೇ ಉಗುಳಿದ್ದು. ಅವುಗಳ ಪಾಲಿಗೆ ಅದು ಕಸ, ನಮ್ಮ ಪಾಲಿಗೆ ಉಸಿರು, ಪೈರೈಟಿನ ಪಾಲಿಗೆ ಶಸ್ತ್ರ. ಸ್ಪೇನಿನ ರಿಯೋ ಟಿಂಟೋ ನದಿ ಐದು ಸಾವಿರ ವರ್ಷಗಳ ಗಣಿಗಾರಿಕೆಯಿಂದ ಕೆಂಪಾಗಿ ಹರಿಯುತ್ತಿದೆ ಎನ್ನುತ್ತಾರೆ. ಅದರ ದಂಡೆಯ ಹಳೆಯ ಪದರಗಳನ್ನು ನೋಡಿದವರು ಮನುಷ್ಯ ಗುದ್ದಲಿ ಹಿಡಿಯುವ ಮೊದಲೂ ಅದು ಹುಳಿಯಾಗಿತ್ತು ಎನ್ನುತ್ತಾರೆ. ಮಳೆ ಗುಡ್ಡ ಕೊರೆದರೂ ಗಾಣ ತಿರುಗುತ್ತದೆ. ಮಳೆಗೆ ಪ್ರಮಾದ ಇಲ್ಲ, ಅಷ್ಟೇ ಅಂತರ.

ತಿರುಗುವ ಗಾಣವನ್ನು ನಿಲ್ಲಿಸುವವರು ಏನು ಮಾಡುತ್ತಾರೆಂದು ತಿಳಿದಾಗ ಅವ್ವ ಇರಲಿಲ್ಲ. ಇದ್ದಿದ್ದರೆ ಹೇಳುತ್ತಿದ್ದೆ. ಒಡೆದ ಕಲ್ಲನ್ನು ತಿರುಗಿ ನೆಲದೊಳಗೆ ತುಂಬಿ ನೀರಿನಡಿ ಮುಳುಗಿಸಿ ಗಾಳಿ ತಪ್ಪಿಸುತ್ತಾರೆ, ಅದು ಸಾಧ್ಯವಿರುವಲ್ಲಿ. ಹುಳಿನೀರು ಹರಿಯುವಲ್ಲಿ ಸುಣ್ಣದ ಕಲ್ಲು ಹಾಕುತ್ತಾರೆ, ಗೊಬ್ಬರ, ಹುಲ್ಲು ಹಾಸಿ ಕೆಸರುಗದ್ದೆ ಮಾಡುತ್ತಾರೆ. ಆ ಗೊಬ್ಬರದಲ್ಲಿ ಗಾಳಿ ಬೇಡದ ಬೇರೆ ಜಾತಿಯ ಬ್ಯಾಕ್ಟೀರಿಯಾಗಳು ನೀರಿನ ಸಲ್ಫೇಟನ್ನು ತಿರುಗಿ ಸಲ್ಫೈಡ್ ಮಾಡಿ, ಲೋಹವನ್ನು ಅದಕ್ಕೆ ಕಟ್ಟಿ, ಮತ್ತೆ ಕಲ್ಲಿನಂಥದ್ದೇ ಕರಿ ಕೆಸರಾಗಿ ಕೂರಿಸುತ್ತವೆ. ಎತ್ತಿದ್ದನ್ನು ಇಳಿಸಿ, ತೆರೆದದ್ದನ್ನು ಮುಚ್ಚುವ ಕೆಲಸ. ದೊಡ್ಡ ಹಗ್ಗದ ತಂಬಿಗೆ.

ನಾಲ್ಕು ವರ್ಷದ ಹಿಂದೆ ಮ್ಯೂಸಿಯಂಗಳಲ್ಲಿ ಖನಿಜ ಕಾಯುವವರ ಒಂದು ಬರಹ ಓದುವಾಗ ನನ್ನ ಕಿವಿ ಬಿಸಿಯಾಯಿತು. ಕಪಾಟಿನಲ್ಲಿಟ್ಟ ಪೈರೈಟ್ ಪುಡಿಯಾಗಿ ಚೀಟಿ, ಡಬ್ಬಿ ತಿನ್ನುವುದು ಅವರಿಗೆ ಹಳೆಯ ಕಾಟ. ಮೊದಲು ಅವರೂ ಬ್ಯಾಕ್ಟೀರಿಯಾವೇ ಕಾರಣವೆಂದು ಕ್ರಿಮಿನಾಶಕ ಹಚ್ಚಿ ನೋಡಿದರು. ಆಮೇಲೆ ಗೊತ್ತಾಯಿತು, ಒಣ ಕಪಾಟಿನಲ್ಲಿ ಆ ಜೀವಿಗೆ ಬದುಕಲು ಬೇಕಾದಷ್ಟು ನೀರೇ ಇರುವುದಿಲ್ಲ ಎಂದು. ಗಾಳಿಯ ತೇವ ಶೇಕಡಾ 60 ದಾಟಿದರೆ ಕಲ್ಲು ತಾನೇ ತನ್ನನ್ನು ಸುಟ್ಟುಕೊಳ್ಳುತ್ತದೆ. ಮೂರು ಮಳೆಗಾಲ, ಬಾಗಿಲು ಸರಿಯಾಗಿ ಕೂಡದ ನನ್ನ ಕಪಾಟು, ಅದರೊಳಗೆ ಅವ್ವನ ಭಕ್ತಾಮರ. ಅವ್ವನ ಪುಸ್ತಕ ತಿಂದದ್ದು ಬ್ಯಾಕ್ಟೀರಿಯಾಗಳಲ್ಲ. ಇಪ್ಪತ್ತೈದು ವರ್ಷ ನಾನು ಊರಿಗೆಲ್ಲ ಹೇಳಿಕೊಂಡು ಬಂದ ಆರೋಪ ಅದು, ತಾನಿಲ್ಲದ ಜಾಗದಲ್ಲಿ ಮಾಡದ ಕೆಲಸಕ್ಕೆ ಒಂದು ಜೀವಿಯ ಮೇಲೆ ಹೊರಿಸಿದ್ದು. ಸತ್ಯಾಣುವ್ರತ ಎಂದು ಬೇರೊಂದು ವ್ರತವೂ ನಮ್ಮಲ್ಲಿದೆ. ಆ ಲೆಕ್ಕ ಈಗ ತೆಗೆಯುವುದಿಲ್ಲ.

ಮೊಮ್ಮಗ ದಾವಣಗೆರೆಯಲ್ಲಿ ಓದುತ್ತಾನೆ. ಹೋದ ದೀಪಾವಳಿಗೆ ಬಂದಾಗ ಕಲ್ಲು ಕೊಟ್ಟು, ಚಿತ್ರದುರ್ಗ ಅಲ್ಲಿಂದ ಹತ್ತಿರ, ಇಂಗಳದಾಳಿಗೆ ಒಯ್ದು ಇಟ್ಟು ಬಾ ಅಂದೆ. “ಎಲ್ಲಿ ಇಡಲಿ ಅಜ್ಜಾ?” ಅಂದ. ದಾರಿ ಬದಿಯ ರಾಶಿ ಅಂತ ನನಗೆ ನೆನಪು. ಆದರೆ ರಾಶಿ ಅದರ ಜಾಗವಲ್ಲ. ಅದರ ಜಾಗ ರಾಶಿಯ ಕೆಳಗೆ ಎಷ್ಟೋ ಅಡಿ ಆಳದಲ್ಲಿ, ಯಾವ ಸುರಂಗದ ಯಾವ ಗೋಡೆಯಲ್ಲೋ. ಹುಡುಗ ಕಲ್ಲನ್ನು ಅತ್ತಿತ್ತ ತಿರುಗಿಸಿ ನೋಡಿ, ಬ್ಯಾಗಿನಲ್ಲಿ ಹಾಕದೆ ಟೇಬಲ್ಲಿನ ಮೇಲೇ ಇಟ್ಟು ಹೋದ. ಸೊಸೆ ಅದನ್ನು ಮುಚ್ಚಳ ಬಿಗಿಯಾಗುವ ಉಪ್ಪಿನಕಾಯಿ ಬರಣಿಗೆ ಹಾಕಿ, ಹೊಸ ಬೂಟಿನ ಡಬ್ಬಿಯಲ್ಲಿ ಬಂದಿದ್ದ ತೇವ ಹೀರುವ ಪುಡಿಯ ಎರಡು ಚೀಲಗಳನ್ನು ಒಳಗೆ ಬಿಟ್ಟಿದ್ದಾಳೆ. ಮಳೆಗಾಲಕ್ಕೊಮ್ಮೆ ಆ ಚೀಲಗಳನ್ನು ಬಿಸಿಲಿಗೆ ಒಣಗಿಸುವ ಕೆಲಸ ನನ್ನದು.